ಖಂಡಪ್ಪನ ದನಿ ಅಳಿಸುವ ಯಂತ್ರ

ಮುಂಬಯಿಯ ವಡಾಲದ ಆ ಬಿಲ್ಡಿಂಗಿನಲ್ಲಿ ಖಂಡಪ್ಪ ತೆಗೆದ ವಿಡಿಯೋಗಳಿಗೆ ರೇಡಿಯೋ ಎಂಬ ಹೆಸರಿತ್ತು. ಹೆಸರಿಟ್ಟವರ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ, ಏಕೆಂದರೆ ಇಟ್ಟವನು ಅವನೇ. ಅವನ ವಿಡಿಯೋದಲ್ಲಿ ನೋಡುವುದು ಕಡಿಮೆ, ಕೇಳುವುದು ಹೆಚ್ಚು. ಕೇಳುವುದೆಂದರೂ ಒಂದೇ ದನಿ, ಕ್ಯಾಮೆರಾದ ಹಿಂದೆ ನಿಂತವನದು. "ಇತ್ತ ನೋಡ್ರಿ! ಸರೀರಿ, ಸರೀರಿ! ನಗ್ರಿ ಒಂದೀಟು!" ಮದುಮಗ ತಾಳಿ ಕಟ್ಟುವಾಗಲೂ ಇದೇ, ಸೊಸೈಟಿಯ ಗಣಪತಿ ನೀರಿಗಿಳಿಯುವಾಗಲೂ ಇದೇ.

ದನಿ ಹಾಗಾದದ್ದಕ್ಕೆ ಕಾರಣವಿತ್ತು. ಖಂಡಪ್ಪ ತನ್ನ ಇಡೀ ನೌಕರಿಯನ್ನು ಗೋದಿಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯ ಮೇಲೆ ಕಳೆದವನು. ಕ್ರೇನು ಸರಕು ಎತ್ತಿ ತಿರುಗುವಾಗ ಕೆಳಗಿದ್ದವರನ್ನು "ಸರೀರಿ" ಎಂದು ಕೂಗಿ ಪಕ್ಕಕ್ಕೆ ಸರಿಸುವುದು ಅವನ ಕೆಲಸ. ಆ ಗದ್ದಲದಲ್ಲಿ ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಕೂಗಿ ಕೂಗಿ ಗಂಟಲು ಗಿರಣಿಯ ಸೈರನ್ನಿನಂಥ ಭೋಂಗಾ ಆಗಿಬಿಟ್ಟಿತ್ತು. ನಿವೃತ್ತಿಯ ದಿನ ಸಾಹೇಬರು ಹಾರ ಹಾಕಿ, ಈ ಗಂಟಲಿನಿಂದ ಎಷ್ಟೋ ತಲೆಗಳು ಉಳಿದವು ಎಂದು ಹೊಗಳಿದರು. ಅದನ್ನು ಮನೆಯಲ್ಲಿ ಹೇಳಿಕೊಂಡಾಗ ಹೆಂಡತಿ ಇಂದ್ರಾಬಾಯಿ, "ತಲಿ ಉಳದಾವ ಖರೆ, ನಮ್ಮ ಕಿವಿ ಉಳೀಲಿಲ್ಲ ನೋಡ್ರಿ" ಎಂದಳು.

ಅವನ ಮೊದಲ ಕ್ಯಾಮೆರಾ ಹಡಗಿನವನೊಬ್ಬ ಮಾರಿಹೋದದ್ದು. ಅದು ಕೈಗೆ ಬಂದ ವಾರದಲ್ಲೇ ಮಗಳು ಶುಭಾಂಗಿಯನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಇಂದ್ರಾಬಾಯಿಗೆ ತವರಿನಲ್ಲಿ ತಾಯಿ ಉಳಿದಿರಲಿಲ್ಲವಾಗಿ ಬಾಣಂತನವನ್ನು ಖಂಡಪ್ಪನ ತಾಯಿ ಚಂದ್ರವ್ವಳೇ ಮಾಡಿದ್ದಳು. ಚಂದ್ರವ್ವ ವಿಜಯಪುರದ ಕಡೆಯವಳು. ಗಂಡನ ಹಿಂದೆ ಮುಂಬಯಿಗೆ ಬಂದು, ಕಾಟನ್ ಗ್ರೀನ್ ಕಡೆಯ ಗೋದಾಮುಗಳಲ್ಲಿ ಕಾಳು ಹಸನು ಮಾಡಿ ಸಂಸಾರ ಎತ್ತಿದವಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಹಾಡು ಕಟ್ಟುವುದು ಬರುತ್ತಿತ್ತು. ಕೂತಲ್ಲಿ ನಿಂತಲ್ಲಿ ಕಟ್ಟುತ್ತಿದ್ದಳು, ಒಮ್ಮೆ ಹಾಡಿದ್ದನ್ನು ಇನ್ನೊಮ್ಮೆ ಹಾಗೆಯೇ ಹಾಡುತ್ತಿರಲಿಲ್ಲ. ಮೊಮ್ಮಗಳ ತೊಟ್ಟಿಲು ತೂಗುತ್ತ ಅವತ್ತು ಅವಳು ಕಟ್ಟಿದ ಜೋಗುಳದಲ್ಲಿ ಕೂಸಿನ ನಿದ್ದೆ ಲೋಕಲ್ ಗಾಡಿ ಹತ್ತಿ ಬರುತ್ತಿತ್ತು. ಖಂಡಪ್ಪ ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ.

ಹಿಡಿದ ಎನ್ನುವುದಕ್ಕಿಂತ ತುಳಿದ ಎನ್ನಬೇಕು. ಟೇಪಿನಲ್ಲಿ ಚಂದ್ರವ್ವ ಹಾಡುತ್ತಿದ್ದಾಳೆ, ಹಾಡಿನ ಮೇಲೆ ಮಗ ಒದರುತ್ತಿದ್ದಾನೆ. "ಅವ್ವಾ, ಇತ್ತ ನೋಡು! ಜೋರ ಹಾಡು! ವಸಂತಿಯಕ್ಕಾ, ಸರೀರಿ, ಅವ್ವ ಕಾಣವಲ್ಲಳು! ನಗ್ರಿ ಎಲ್ಲಾರೂ!" ಕೊನೆಗೆ ಹೆಂಗಸರೆಲ್ಲ ಘೊಳ್ಳೆಂದು ನಗುತ್ತಾರೆ, ಅಲ್ಲಿಗೆ ಟೇಪು ಮುಗಿಯುತ್ತದೆ. ತಾನು ನಗಿರಿ ಎಂದ ಕೂಡಲೇ ಅಷ್ಟೂ ಜನ ನಕ್ಕರಲ್ಲ ಎಂದು ಖಂಡಪ್ಪನಿಗೆ ಬಹಳ ಕಾಲ ಹೆಮ್ಮೆಯಿತ್ತು. ಶುಭಾಂಗಿ ಅಂಬೆಗಾಲಿಡುವ ಹೊತ್ತಿಗೆ ಚಂದ್ರವ್ವ ತೀರಿಕೊಂಡಳು. ಉಳಿದ ಟೇಪುಗಳು ಮುಂಬಯಿಯ ಮಳೆಗಾಲದಲ್ಲಿ ಬೂಸು ಹಿಡಿದು ಹೋದವು. ಉಳಿದದ್ದು ಇದೊಂದೇ. ಸಯನ್‌ನ ಸ್ಟುಡಿಯೋದವನೊಬ್ಬ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ.

ಈಗ ಶುಭಾಂಗಿ ಚೊಚ್ಚಲ ಬಸುರಿ. ಕುಬಸದ, ಅಂದರೆ ಸೀಮಂತದ ದಿನ ಹಸಿರು ಸೀರೆ, ಕೈತುಂಬ ಹಸಿರು ಬಳೆಯಲ್ಲಿ ಕೂತವಳು, ಆರತಿ ಮುಗಿದದ್ದೇ ತಡ, ಅಪ್ಪನನ್ನು ಹತ್ತಿರ ಕರೆದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತದೆ.

"ಅಪ್ಪಾ, ಬೇಬೀನ್ನ ತೊಟ್ಟಿಲದಾಗ ಹಾಕ್ತೀವಲ್ಲ, ಉಸ್ ದಿನ್ ಆಯೀದು ಗಾನಾ ಹಚ್ಚಬೇಕು. ಪೂರಾ ಗಾನಾ. ನಿಮ್ಮ ಆವಾಜ್ ತೆಗದು." ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ.

"ನನ್ನ ಆವಾಜ್ ತಗೀಯೂದು ಹೆಂಗವಾ? ನಿಮ್ಮವ್ವಗ ಇಷ್ಟ ವರ್ಸ ಆದ್ರೂ ಆಗಿಲ್ಲ" ಎಂದು ಖಂಡಪ್ಪ ನಗಲು ನೋಡಿದ.

ಮಗಳು ನಗಲಿಲ್ಲ. "ಆಯೀದ ಆವಾಜ್ ಮುಝೆ ಯಾದ್ ಹೀ ನಹೀ, ಅಪ್ಪಾ. ಒಂದ ಸಲಾನೂ ಸಾಫ್ ಕೇಳಿಲ್ಲ. ಕಂಪ್ಯೂಟರ್ದಾಗ ಆಗತೈತಂತ, ಎಡಿಟಿಂಗ್." ಅವಳ ಕಣ್ಣು ತುಂಬಿತ್ತು. ಮಗಳು ಹುಟ್ಟಿದಂದಿನಿಂದ ತನ್ನಲ್ಲಿ ಏನನ್ನೂ ಬೇಡಿದವಳಲ್ಲ, ಬೇಡಿದ್ದು ಇದೊಂದು, ಅದರ ಮೇಲೆ ತಾನೇ ಕೂತಿದ್ದೇನೆ ಎಂದು ಅವನಿಗೆ ಅನಿಸಿತು. "ಆತವಾ. ಕಂಪ್ಯೂಟರ್ ತರ್ತೀನಿ. ನಾನs ಎಡಿಟ್ ಮಾಡ್ತೀನಿ" ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಮಾತು ಕೊಟ್ಟ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಗಾದೆ ಇದೆ. ಕಂಪ್ಯೂಟರಿನ ಬಗ್ಗೆ ಗಾದೆ ಏನೂ ಹೇಳಿಲ್ಲವಾದ್ದರಿಂದ ಖಂಡಪ್ಪ ಮರುದಿನವೇ ಪವಾಯಿಯ ಬಸ್ಸು ಹತ್ತಿದ. ಇಂದ್ರಾಬಾಯಿಯ ಅಕ್ಕನ ಮಗ ಅನಿಲ ಅಲ್ಲಿ ಒಂದು ಐಟಿ ಆಫೀಸಿನಲ್ಲಿದ್ದ. ಅವನು ಕಾಕಾನನ್ನು ಆದರದಿಂದ ಕ್ಯಾಂಟೀನಿಗೆ ಕರೆದೊಯ್ದು, ಚಹಾ ತರಿಸಿ, ಮೊದಲು ಕೇಳಬೇಕಾದ್ದನ್ನೇ ಕೇಳಿದ.

"ಕಾಕಾ, ಮದಲ ಹೇಳ್ರಿ, ಏನ ಕೆಲಸಕ್ಕ ಬೇಕು?"

ಇದಕ್ಕೆ ಉತ್ತರ ಸರಳವಿತ್ತು. ಅವ್ವನ ಹಾಡಿನ ಮೇಲಿಂದ ನನ್ನ ದನಿ ಅಳಿಸುವುದಿದೆ, ಅಷ್ಟೇ. ಆದರೆ ಸುತ್ತಲೂ ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಕೂತಿದ್ದರು. ಇಷ್ಟು ದೂರ ಬಂದು, ನಾನು ಬಾಯಿಬಡುಕ ಮಾರಾಯ, ನನ್ನ ಬಾಯಿ ಮುಚ್ಚಿಸುವ ಪೆಟ್ಟಿಗೆ ಇದ್ದರೆ ಹೇಳು ಎನ್ನುವುದು ಹೇಗೆ? ಖಂಡಪ್ಪನ ಮೀಸೆ ಒಪ್ಪಲಿಲ್ಲ.

"ಪ್ರೊಫೆಶನಲ್ ಎಡಿಟಿಂಗ್" ಎಂದುಬಿಟ್ಟ. "ಫೋಟೋ, ವಿಡಿಯೋ, ಎಲ್ಲಾ. ಫೋರ್‌ಕೆ." ಈ ಕೊನೆಯ ಮಾತನ್ನು ಅವನು ಬರುವಾಗ ಬಸ್ಸಿನಲ್ಲಿ ಯಾರೋ ಆಡುತ್ತಿದ್ದುದನ್ನು ಕೇಳಿ ಜೋಪಾನವಾಗಿ ತಂದಿದ್ದ. ದನಿ ಗೋದಿಯದಾದ್ದರಿಂದ ಕ್ಯಾಂಟೀನಿಗೆ ಕ್ಯಾಂಟೀನೇ ತಿರುಗಿ ನೋಡಿತು.

ಅನಿಲನಿಗೆ ಬಹಳ ಖುಷಿಯಾಯಿತು. ಕಾಕಾನಿಗೆ ತಿಳಿಯುವ ಹಾಗೆ ಅಡಿಗೆಮನೆಯ ಲೆಕ್ಕದಲ್ಲಿ ಹೇಳಿದ. "ಪ್ರೊಸೆಸರ್ ಅಂದ್ರ ಅಡಗಿ ಮಾಡಾಂವ. ರ‍್ಯಾಮ್ ಅಂದ್ರ ಅಡಗಿ ಕಟ್ಟಿ, ಅದು ದೊಡ್ಡದಿದ್ದಷ್ಟು ಹೆಚ್ಚ ಸಾಮಾನ ಹರವಬಹುದು. ಎಸ್‌ಎಸ್‌ಡಿ ಅಂದ್ರ ಉಗ್ರಾಣ. ಗ್ರಾಫಿಕ್ಸ್ ಕಾರ್ಡ್ ಅಂದ್ರ ರೊಟ್ಟಿ ಬಡಿಯಾಕ ಬಂದ ಹತ್ತ ಮಂದಿ ಹೆಣಮಕ್ಕಳು. ನಿಮ್ಮ ಫೋರ್‌ಕೆ ಅಂದ್ರ ದೊಡ್ಡ ಊಟ ಕಾಕಾ, ನಾಕೂ ಭಾರೀನ ಬೇಕು." ಖಂಡಪ್ಪನಿಗೆ ಎಲ್ಲ ಅರ್ಥವಾಯಿತು. ಮನೆಯಲ್ಲಿ ಬೇಯಿಸಬೇಕಾದ್ದು ಒಂದು ಹಿಡಿ ಅಕ್ಕಿ, ತಾನು ಒಲೆ ಹೂಡಿಸುತ್ತಿರುವುದು ಮದುವೆಮನೆಗೆ ಎಂಬುದೂ ಅರ್ಥವಾಯಿತು. ಆದರೆ ಆಡಿದ ಮಾತು ಹಿಂದಕ್ಕೆ ಬರುವಂಥದ್ದಲ್ಲ, ಅದರಲ್ಲೂ ಅವನ ಗಂಟಲಿನಿಂದ ಹೊರಟದ್ದು.

ಅಲ್ಲಿಂದ ಶುರುವಾಯಿತು ತಿರುಗಾಟ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಅವನ ಮುಖ ಪರಿಚಯವಾಯಿತು. ಒಬ್ಬ ಕಂಪನಿಯ ಡಬ್ಬಿಯನ್ನೇ ಕೊಳ್ಳಿ ಎಂದ, ಇನ್ನೊಬ್ಬ ಬಿಡಿಬಿಡಿ ಸಾಮಾನು ತಂದು ಕಟ್ಟಿಸಿ ಎಂದ. ಮಾನಿಟರಿನ ಬಣ್ಣ ನೋಡದೆ ಕೊಂಡವನು ಹಾಳಾದ ಎಂದು ಮೂರನೆಯವನು ಹೆದರಿಸಿದ. ಪ್ರತಿಯೊಬ್ಬನೂ ಮೊದಲು ಕೇಳುತ್ತಿದ್ದದ್ದು ಅದೇ ಪ್ರಶ್ನೆ, "ಕಿಸ್ ಕಾಮ್ ಕೇ ಲಿಯೇ?" ಖಂಡಪ್ಪನ ಉತ್ತರವೂ ಅದೇ, "ಪ್ರೊಫೆಶನಲ್." ರೆಂಡರ್ ಎಂಬ ಶಬ್ದವನ್ನು ಅವನು ಆಗಾಗ ಮಾತಿನ ನಡುವೆ ಎಸೆಯುತ್ತಿದ್ದ. ಅದು ಎಲ್ಲಿ ಬಿದ್ದರೂ ಯಾರೂ ತಕರಾರು ಮಾಡಲಿಲ್ಲ.

ಪರೀಕ್ಷೆಗೆಂದು ಪೆನ್‌ಡ್ರೈವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಅಂಗಡಿಯ ಯಂತ್ರಕ್ಕೆ ಅದನ್ನು ಸಿಕ್ಕಿಸಿದ್ದೇ ತಡ, ಅಂಗಡಿಯ ತುಂಬ ಅವನದೇ ಆರ್ಭಟ. ಒಮ್ಮೆ ಹೊರಗೆ ತಲೆಯ ಮೇಲೆ ರಟ್ಟಿನ ಖೋಕಿಗಳನ್ನು ಹೊತ್ತು ಹೋಗುತ್ತಿದ್ದ ಕೂಲಿಯವನೊಬ್ಬ, ನಮ್ಮ ಕಡೆಯವನೇ ಇರಬೇಕು, "ಸರೀರಿ!" ಎಂಬುದಕ್ಕೆ ಹಾರಿ ಪಕ್ಕಕ್ಕೆ ನಿಂತ. ಅಂಗಡಿಯವರು ನಕ್ಕು, ಕಿವಿಗೆ ಹೆಡ್‌ಫೋನು ಕೊಡತೊಡಗಿದರು. ಹೆಡ್‌ಫೋನು ಬಂದ ಮೇಲೆ ಕಥೆ ಬೇರೆಯಾಯಿತು. ಮನೆಯ ಟಿವಿಯಲ್ಲಿ ಖಂಡಪ್ಪನಿಗೆ ಖಂಡಪ್ಪನೇ ಕೇಳಿಸುತ್ತಿದ್ದ. ಇಲ್ಲಿ ತನ್ನ ಕೂಗಿನ ಸಂದಿಯಲ್ಲಿ ಅವ್ವನ ಒಂದೊಂದು ಶಬ್ದ ಕೇಳತೊಡಗಿತು. ಒಂದು ಅಂಗಡಿಯಲ್ಲಿ ಹಾಡಿನೊಳಗಿನ ಮಸ್ಜಿದ್ ಸ್ಟೇಷನ್ ಸಿಕ್ಕಿತು, ಇನ್ನೊಂದರಲ್ಲಿ ಶಿವಡಿ. ಕೇಳಿದ್ದನ್ನು ಮರೆಯಬಾರದೆಂದು ವಾಪಸು ಬರುವಾಗ ಗಾಡಿಯಲ್ಲಿ ಗುನುಗಿಕೊಳ್ಳುತ್ತಿದ್ದ. ಹೀಗೆ ಹಾಡಿನ ಎರಡು ನುಡಿ ಇಡಿಯಾಗಿ ಕೂಡಿಬಂದವು. ಮೂರನೆಯದರ ಮೊದಲ ಸಾಲು ಮಾತ್ರ ಸಿಕ್ಕಿತು. ಆಮೇಲೆ ಅವನ "ಸರೀರಿ" ಶುರುವಾಗುತ್ತದೆ, ಅದರ ಕೆಳಗೆ ಅವ್ವ ಏನು ಹಾಡಿದಳೋ ಯಾವ ಹೆಡ್‌ಫೋನಿಗೂ ಗೊತ್ತಿರಲಿಲ್ಲ.

ಆರಿಸುವುದು ಮುಗಿಯಲೊಲ್ಲದು. ಇದಕ್ಕಿಂತ ಒಳ್ಳೆಯದು ಇನ್ನೊಂದಿದ್ದರೆ ಎಂದು ಹೊರಗೆ ಹೇಳುತ್ತಿದ್ದ. ಒಳಗಿನ ಮಾತು ಬೇರೆ: ಅಂಗಡಿಗೆ ಹೋದರೆ ಇನ್ನೊಮ್ಮೆ ಅವ್ವ ಸಿಗುತ್ತಿದ್ದಳು. ಇಂದ್ರಾಬಾಯಿಗೆ ಒಳಗಿನದು ಗೊತ್ತಿರಲಿಲ್ಲ, ಅವಳಿಗೆ ಕಾಣುತ್ತಿದ್ದದ್ದು ದಿನಾ ಖಾಲಿ ಕೈಯಲ್ಲಿ ಬರುವ ಗಂಡ. "ನನ್ನ ಲಗ್ನಕ್ಕ ನೀವು ಇಷ್ಟ ನೋಡಿ ಆರಿಸಿದ್ರೇನು? ಒಂದ ಸಲ ಬಂದ್ರಿ, ಅವಲಕ್ಕಿ ತಿಂದ್ರಿ, ಹೂಂ ಅಂದ್ರಿ" ಎಂದಳು. "ಕೂಸು ಸಾಲಿಗೆ ಹೋಗೂದರೊಳಗರ ತರ್ತೀರಿಲ್ಲೋ?"

ಕೊನೆಗೆ ತಂದ. ಅಷ್ಟು ತಿಂಗಳು ಅಡಿಗೆಯವನು, ಕಟ್ಟೆ, ಉಗ್ರಾಣ ಎಲ್ಲ ಅಳೆದು ತೂಗಿದ ಮನುಷ್ಯ ಕಡೆಗೆ ಮರುಳಾದದ್ದು ದೀಪಗಳಿಗೆ. ಗಾಜಿನ ಪಕ್ಕೆಯ ದೊಡ್ಡ ಕರಿಯ ಪೆಟ್ಟಿಗೆ, ಒಳಗೆ ಫ್ಯಾನುಗಳು, ಫ್ಯಾನಿನ ಸುತ್ತ ಕೆಂಪು ಹಸಿರು ನೇರಳೆ ದೀಪ, ಥೇಟು ಗಣಪತಿ ಮಂಟಪ. ಆಟ ಆಡುವ ಹುಡುಗರಿಗೆಂದು ಮಾಡಿದ ಯಂತ್ರವದು. ಅಂಗಡಿಯವನು ಇನ್ನೊಮ್ಮೆ ಯಾವ ಕೆಲಸಕ್ಕೆ ಎಂದು ಕೇಳಿದ. ಖಂಡಪ್ಪ ಇನ್ನೊಮ್ಮೆ ಪ್ರೊಫೆಶನಲ್ ಎಂದ.

ಈ ಮನೆಯಲ್ಲಿ ಹೊಸ ಸಾಮಾನು ಬಂದರೆ ಸುಮ್ಮನೆ ಬಳಸುವ ಪದ್ಧತಿಯಿಲ್ಲ. ಖಂಡಪ್ಪನ ಮನೆದೇವರು ಖಂಡೋಬಾ, ಅವನ ಹೆಸರೂ ಅಲ್ಲಿಂದಲೇ ಬಂದದ್ದು. ದೇವರ ವಾರ ರವಿವಾರ, ದೇವರ ಪ್ರಸಾದ ಭಂಡಾರ, ಅಂದರೆ ಅರಿಸಿನದ ಪುಡಿ. ಸ್ಕೂಟರಿಗೂ ಭಂಡಾರ ಬಿದ್ದಿತ್ತು, ಮಿಕ್ಸರಿಗೂ ಬಿದ್ದಿತ್ತು, ಫ್ರಿಜ್ಜಿನ ನೆತ್ತಿಯ ಮೇಲೆ ಇವತ್ತಿಗೂ ಹಳದಿ ಇದೆ. ಅನಿಲ ಫೋನಿನಲ್ಲಿ, "ಕಾಕಾ, ಧೂಳ ಮಾತ್ರ ತಾಗಿಸಬ್ಯಾಡ್ರಿ" ಎಂದು ಮೂರು ಮೂರು ಸಲ ಹೇಳಿದ್ದ. ಭಂಡಾರ ಧೂಳಲ್ಲ, ಪ್ರಸಾದ. ಆದ್ದರಿಂದ ಆ ಮಾತು ಇದಕ್ಕೆ ಹತ್ತುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಇಂದ್ರಾಬಾಯಿ ಪೆಟ್ಟಿಗೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದಳು. ಗೋಡೆಯಾಚೆಯ ವಸಂತಿಯಕ್ಕ ಆರತಿಗೆ ಬಂದಿದ್ದಳು, ಮಂಗಳೂರು ಕಡೆಯವಳು, ಹಳೆಯ ಟೇಪಿನಲ್ಲಿ "ಸರೀರಿ" ಎನ್ನಿಸಿಕೊಂಡವಳು ಅವಳೇ. ತುಂಬು ಬಸುರಿ ಶುಭಾಂಗಿ ಕುರ್ಚಿಯಲ್ಲಿ ಕೂತಿದ್ದಳು. ಖಂಡಪ್ಪ ಎರಡೂ ಮುಷ್ಟಿ ತುಂಬ ಭಂಡಾರ ತೆಗೆದುಕೊಂಡು, "ಏಳಕೋಟಿ ಏಳಕೋಟಿ ಏಳಕೋಟಿಗೋ!" ಎಂದು ಗರ್ಜಿಸಿ ಪೆಟ್ಟಿಗೆಯ ಮೇಲೆ ಸುರಿದ. ಫ್ರಿಜ್ಜಿಗೆ ನೆತ್ತಿಯ ಮೇಲೆ ತೂತುಗಳಿರುವುದಿಲ್ಲ. ಈ ಪೆಟ್ಟಿಗೆಗೆ ನೆತ್ತಿಯೆಲ್ಲ ತೂತೇ. ಪ್ರಸಾದವೆಲ್ಲ ಸದ್ದಿಲ್ಲದೆ ಒಳಗಿಳಿಯಿತು. "ನೋಡ್ರಿ, ಹೆಂಗ ಸ್ವೀಕಾರ ಮಾಡ್ತು" ಎಂದು ಇಂದ್ರಾಬಾಯಿ ಕೈಮುಗಿದಳು.

ಖಂಡಪ್ಪ ಗುಂಡಿ ಒತ್ತಿದ. ದೀಪಗಳು ಹೊತ್ತಿದವು, ಫ್ಯಾನುಗಳು ತಿರುಗಿದವು. ಗಾಜಿನೊಳಗೆ ಮೊದಲು ಒಂದು ಹಳದಿ ಸುಳಿ ಎದ್ದಿತು. ಮರುಗಳಿಗೆ ಹಿಂದಿನಿಂದ ಮುಂದಿನಿಂದ ಮೇಲಿನಿಂದ ಭುಸ್ಸೆಂದು ಭಂಡಾರ ಹೊರಗೆ ಹಾರಿತು. ಭಂಡಾರ ತೂರುವ ಖಂಡೋಬಾನ ಜೇಜೂರಿಗೆ ಹೋಗದೆಯೇ ಮನೆ ಜೇಜೂರಿಯಾಯಿತು. ಎಲ್ಲರ ಮುಖ, ತಲೆ, ಹುಬ್ಬು ಹಳದಿ, ವಸಂತಿಯಕ್ಕನ ಕನ್ನಡಕವೂ ಹಳದಿ. ಪೆಟ್ಟಿಗೆ ಒಮ್ಮೆ ಫಟ್ ಎಂದು, ಅರಿಸಿನ ಸುಟ್ಟ ವಾಸನೆ ಬಿಟ್ಟು, ಕತ್ತಲಾಯಿತು. ಖಂಡಪ್ಪ ಚಾಚಿದ ಬೆರಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ. ಅವನ ಮೀಸೆ ನೋಡಿ ಶುಭಾಂಗಿಗೆ ನಗೆ ಬಂತು. ಬಂದ ನಗೆ ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಒಮ್ಮೆ "ಅವ್ವಾ" ಎಂದಳು, ಆ ಅವ್ವಾ ನಗೆಯದಾಗಿರಲಿಲ್ಲ.

ಟ್ಯಾಕ್ಸಿಯಲ್ಲಿ ಸಯನ್‌ನ ನರ್ಸಿಂಗ್ ಹೋಮಿಗೆ ಓಡಿದರು. ಬಾಗಿಲಲ್ಲಿದ್ದ ನರ್ಸು ಬಸುರಿಯನ್ನು ಒಳಗೆ ಕಳಿಸಿ ಖಂಡಪ್ಪನ ರೆಪ್ಪೆ ಎತ್ತಿ ನೋಡಿ, "ಕಾಕಾ, ಕಾವೀಳ್ ಝಾಲೀ ಕಾ?" ಎಂದು ಕೇಳಿದಳು. ಕಾಮಾಲೆ ಅಲ್ಲ, ಕಂಪ್ಯೂಟರ್ ಎಂದು ಅವಳಿಗೆ ತಿಳಿಹೇಳುವಷ್ಟರಲ್ಲಿ ಸಂಜೆಯಾಯಿತು. ಸಂಜೆಗೆ ಹೆಣ್ಣುಕೂಸು ಹುಟ್ಟಿತು. ಖಂಡಪ್ಪ ಹಳದಿ ಕೈಯಲ್ಲೇ ಕೂಸನ್ನು ಎತ್ತಿಕೊಂಡ, ಅವನಿಗೆ ಅಳು ಬಂತು.

ತೊಟ್ಟಿಲ ಕಾರ್ಯಕ್ಕೆ ದಿನ ಗೊತ್ತಾಯಿತು. ಖಂಡಪ್ಪ ಪೆಟ್ಟಿಗೆಯನ್ನು ಕೂಸಿಗಿಂತ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದ. ಅಂಗಡಿಯವನು ಮುಚ್ಚಳ ತೆಗೆದು ಒಂದು ಚಿಟಿಕೆ ಮೂಸಿ ನೋಡಿ, "ಕಾಕಾ, ಇಸ್ ಮೇಂ ಮಸಾಲಾ ಪೀಸ್ತೇ ಹೋ ಕ್ಯಾ?" ಎಂದು, ಇದರಲ್ಲಿ ಮಸಾಲೆ ಅರೆಯುತ್ತೀರೇನು ಎಂಬಂತೆ ಕೇಳಿದ. ಸುಟ್ಟದ್ದನ್ನು ಬದಲಿಸಿ, ಕುಂಚದಿಂದ ಗುಡಿಸಿ, ಮತ್ತೆ ಚಾಲೂ ಮಾಡಿಕೊಟ್ಟ. ಆಮೇಲೆ ಮೆತ್ತಗೆ, ನಿಜವಾಗಿ ಇದರಲ್ಲಿ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದ. ಖಂಡಪ್ಪನಲ್ಲಿ ಪ್ರೊಫೆಶನಲ್ ಎನ್ನುವ ಶಕ್ತಿ ಉಳಿದಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ.

ಅಂಗಡಿಯವನು ಒಳ್ಳೆಯ ಮನುಷ್ಯ. ಅಲ್ಲೇ ಕೂರಿಸಿಕೊಂಡು, ದನಿ ಬೇರ್ಪಡಿಸುವ ಸಾಫ್ಟ್‌ವೇರ್ ಹಾಕಿ ಹಾಗೆ ಹೀಗೆ ಮಾಡಿ ನೋಡಿದ. ಖಂಡಪ್ಪನ ದನಿ ಇಳಿಯಿತು, ಅದರ ಜೊತೆಗೆ ಚಂದ್ರವ್ವನದೂ ಇಳಿಯಿತು. ಅವನದನ್ನು ಪೂರ್ತಿ ಒರೆಸಿದರೆ ಅವಳ ದನಿ ಸೊಳ್ಳೆಯ ಗುಂಯ್ ಆಗುತ್ತಿತ್ತು, ಮೂರನೆಯ ನುಡಿಯಲ್ಲಂತೂ ಏನೂ ಉಳಿಯುತ್ತಿರಲಿಲ್ಲ. "ದೋನೋಂ ಆವಾಜ್ ಘುಲ್ ಗಯೀ ಹೈ, ಕಾಕಾ" ಎಂದ. ಎರಡೂ ದನಿ ಕರಗಿ ಒಂದಾಗಿವೆ, ಇಡ್ಲಿಯಿಂದ ಉದ್ದು ತೆಗೆಯುತ್ತೀರೇನು ಎಂದು ಹಿಂದಿಯಲ್ಲೇ ಕೇಳಿದ. ಇಷ್ಟು ನೋಡುವುದಕ್ಕೆ ಇಷ್ಟು ದೊಡ್ಡ ಯಂತ್ರವೂ ಬೇಕಿರಲಿಲ್ಲ ಎಂದ. ಮೊದಲೇ ಹೇಳಿದ್ದರೆ ಮೊದಲೇ ಹೇಳುತ್ತಿದ್ದೆ ಎಂದೂ ಸೇರಿಸಿದ.

ವಾಪಸು ಬರುವಾಗ ಖಂಡಪ್ಪ ಗುನುಗಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ಇಷ್ಟು ದಿನ ಪ್ರೊಸೆಸರು, ರ‍್ಯಾಮು ಎಂದು ಊರು ಸುತ್ತಿದ್ದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಕ್ರೇನಿನ ಕೆಳಗಿನವರನ್ನೆಲ್ಲ ಸರಿಸಿದೆ, ಅವ್ವನ ಹಾಡಿನ ಮೇಲಿಂದ ನಾನು ಸರಿಯಲಿಲ್ಲ. ಇದನ್ನು ಮಗಳಿಗೆ ಹೇಗೆ ಹೇಳುವುದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಹೇಳಲಾಗದೆಯೇ ತೊಟ್ಟಿಲ ದಿನ ಬಂದುಬಿಟ್ಟಿತು. ಮನೆ ತುಂಬ ಹೆಂಗಸರು, ಬಾಗಿಲವರೆಗೆ ಗುಗ್ಗರಿಯ ಘಮಲು. ಮೂಲೆಯಲ್ಲಿ ಆ ಪೆಟ್ಟಿಗೆ ಟವೆಲು ಹೊದ್ದು ಕೂತಿತ್ತು. ಅಳಿಯ ಕಿಶೋರನ ತಂಗಿ ರಾಧಿಕಾ, ಕೂಸಿನ ಸೋದರತ್ತೆ, ಅದರ ಕಿವಿಯಲ್ಲಿ ಕುರ್ರ್ ಎಂದು ಚಂದ್ರಾ ಎಂಬ ಹೆಸರು ಹೇಳಿದಳು. ಉಳಿದವರು ಅವಳ ಬೆನ್ನಿಗೆ ಪದ್ಧತಿಯ ಪ್ರಕಾರ ಗುದ್ದಿದರು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಬಾಣಂತಿ ಶುಭಾಂಗಿ ಕಿವಿಗೆ ಹತ್ತಿ ತುರುಕಿ ಮೇಲೆ ಸ್ಕಾರ್ಫ್ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು, ಅವಳ ತಾಯಿ ಅಂದು ಕೂತಿದ್ದ ಹಾಗೆಯೇ.

"ಅಪ್ಪಾ, ಗಾನಾ?" ಎಂದಳು.

ಫೋನು ಎತ್ತಿ ವಿಡಿಯೋ ಶುರುಮಾಡಲಿದ್ದ ಖಂಡಪ್ಪನ ಕೈ ಇಳಿಯಿತು. "ಆಗಲಿಲ್ಲವಾ. ನನ್ನ ದನಿ ತಗದ್ರ ಅವ್ವನ ದನೀನೂ ಹೋಗತೈತಿ." ಮಗಳು ಕೂಸಿನ ಕಡೆ ತಿರುಗಿಕೊಂಡಳು. ಅವಳು ಮುಖ ಮರೆಮಾಡಿದ್ದು ಯಾಕೆಂದು ಎಲ್ಲರಿಗೂ ತಿಳಿಯಿತು.

ಯಾರಾದರೂ ಬೇರೆ ಜೋಗುಳ ಎತ್ತುವ ಮೊದಲೇ ಖಂಡಪ್ಪ ಹಾಡತೊಡಗಿದ. ತೊಟ್ಟಿಲ ಮುಂದೆ ಗಂಡಸು ಹಾಡುವುದು ಆ ಮನೆಯಲ್ಲಿ ಇರಲಿಲ್ಲ, ಖಂಡಪ್ಪ ಮೆಲ್ಲಗೆ ಬಾಯಿ ತೆರೆಯುವುದಂತೂ ಜಗತ್ತಿನಲ್ಲೇ ಇರಲಿಲ್ಲ. ಅವನಿಗೇ ಗೊತ್ತಾಗದ ಹಾಗೆ ಬಂದುಬಿಟ್ಟಿತು.

"ಮಸ್ಜಿದಿ ಬಿಟ್ಟೈತಿ ಕಂದವ್ವನ ನಿದ್ದಿ
ರೇ ರೋಡ ದಾಟೈತಿ ಗರದ್ಯಾಗ, ನಿಂತೈತಿ
ಕೂಡಾಕ ಜಾಗಾ ಕೊಡರವ್ವ.

ಕಾಟನ್ ಗಿರೀನಿನಾಗ ಕಾಳ ಹಸನ ಮಾಡಿ
ಶಿವಡಿಗೆ ಬಂದೈತಿ ದಣಕೊಂಡ, ಕಂದವ್ವ
ಕಣ್ಣಾಗ ಅದಕ ಮನಿ ಕೊಡ."

ಶುಭಾಂಗಿ ಸ್ಕಾರ್ಫ್ ಬಿಚ್ಚಿ, ಕಿವಿಯ ಹತ್ತಿ ಕಿತ್ತು ಬಿಸಾಡಿದಳು. ಇಂದ್ರಾಬಾಯಿ ಗದರಲಿಲ್ಲ. ಖಂಡಪ್ಪ ಮೂರನೆಯದಕ್ಕೆ ಬಂದ. "ವಡಾಲಾ ಬಂದೈತಿ, ಇಳಿಯಾಕ ನಿಂತೈತಿ..." ಅಲ್ಲಿಗೆ ನಿಂತುಬಿಟ್ಟ.

"ಮುಂದ, ಅಪ್ಪಾ?"

"ಮುಂದ ನಾ ಒದರೀನಿ. ಅವ್ವಂದು ಕೇಳಸೂದಿಲ್ಲ."

ಆಗ ವಸಂತಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕಾಡತೊಡಗಿದಳು. "ಅಯ್ಯೋ ಖಂಡಪ್ಪಣ್ಣ, ಅದು ನಿಮಗೆ ಗೊತ್ತೇ ಇಲ್ವಾ? ಅದಕ್ಕೇ ಅಲ್ವಾ ನಾವೆಲ್ಲ ಅವತ್ತು ಬಿದ್ದು ಬಿದ್ದು ನಗಾಡಿದ್ದು! ನಿಮ್ಮ ಮೇಲೆಯೇ ಕಟ್ಟಿದ್ದು ಮಾರಾಯ್ರೆ! ಉಳಿದದ್ದು ಒಂದಕ್ಷರ ನೆನಪಿಲ್ಲ ನನಗೆ, ಅದೊಂದು ಮಾತ್ರ ಉಂಟು. ನಿಮ್ಮನ್ನು ಲಿಫ್ಟಿನಲ್ಲಿ ಕಂಡಾಗೆಲ್ಲ ನೆನಪಾಗ್ತದೆ." ಎಂದವಳೇ ರಾಗವಿಲ್ಲದೆ, ಚಂದ್ರವ್ವನ ಮಾತಿನ ಧಾಟಿಯನ್ನೇ ಎತ್ತಿಕೊಂಡು ಹೇಳಿದಳು:

"ನಿನ್ನಪ್ಪನ ಕೂಗಿಗೆ ಹೆದರೈತಿ, ಯಾರರ
ಅವನ ಬಾಯಿಗಿ ಕೀಲಿ ಜಡೀರವ್ವ."

ಮನೆ ಅವತ್ತಿನ ಹಾಗೆಯೇ ಘೊಳ್ಳೆಂದಿತು. ಅಂದರೆ ಆ ನಗೆ ನಗಿರಿ ಎಂದದ್ದಕ್ಕೆ ಬಂದದ್ದಲ್ಲ. ಇಷ್ಟು ವರ್ಷ ಹೊತ್ತ ಹೆಮ್ಮೆ ಆ ಗಳಿಗೆಯಲ್ಲಿ ಇಳಿಯಿತು, ಖಂಡಪ್ಪನಿಗೆ ಹಗುರಾಯಿತು. ಪವಾಯಿಗೆ ಹೋದ, ಲ್ಯಾಮಿಂಗ್ಟನ್ ರೋಡು ಸವೆಸಿದ, ಗೋಡೆಯಾಚೆಯವಳನ್ನು ಕೇಳಲಿಲ್ಲ. ಟೇಪಿನಲ್ಲಿ ಅವಳನ್ನು ನೋಡುತ್ತಲೇ ಇದ್ದ, ಅಡ್ಡ ನಿಂತವಳೆಂದು ಮಾತ್ರ ಎಣಿಸಿದ್ದ. "ಕಂಕುಳಾಗ ಕೂಸ ಇಟಗೊಂಡು ಊರೆಲ್ಲಾ ಹುಡಕಿದಂಗಾತು ನಿಮ್ಮ ಬಾಳೇವು" ಎಂದಳು ಇಂದ್ರಾಬಾಯಿ. ಖಂಡಪ್ಪ ನಕ್ಕ, ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಅವ್ವ ತನ್ನನ್ನು ಬೈದಿದ್ದಳು, ಅದೂ ಹಾಡಿನಲ್ಲಿ ಬೈದಿದ್ದಳು. ಅವನಿಗೆ ಆ ಬೈಗುಳ ಇಷ್ಟು ವರ್ಷ ತಡವಾಗಿ ಬಂದು ತಲುಪಿತ್ತು.

"ಇನ್ನೊಮ್ಮೆ ಅಪ್ಪಾ, ಪೂರಾ" ಎಂದಳು ಶುಭಾಂಗಿ.

ಅವನು ಮೊದಲಿಂದ ಹಿಡಿದ. ಮಸ್ಜಿದಿ ಬಿಟ್ಟು, ರೇ ರೋಡು ದಾಟಿ, ಶಿವಡಿಯಲ್ಲಿ ದಣಿವಾರಿಸಿಕೊಂಡು ನಿದ್ದೆ ಈ ಸಲ ವಡಾಲದವರೆಗೆ ಬಂದೇ ಬಂದಿತು. ಅಪ್ಪನ ಬಾಯಿಗೆ ಕೀಲಿ ಜಡಿಯುವ ಸಾಲನ್ನು ಅಪ್ಪನೇ ಹಾಡಿದ. ಇಂದ್ರಾಬಾಯಿ ತಡೆಯಲಾರದೆ ಅವನ ಕೈಯಿಂದ ಫೋನು ಕಸಿದುಕೊಂಡು ಶುರುವಿನಿಂದಲೇ ವಿಡಿಯೋ ಮಾಡಿದಳು. ಅವಳ ಜೀವಮಾನದ ಮೊದಲ ವಿಡಿಯೋ ಅದು. ಹಾಡು ಮುಗಿಯುವ ಹೊತ್ತಿಗೆ ಕೂಸು ಮಲಗಿತ್ತು.

ಗುಗ್ಗರಿ ಹಂಚಿ, ನೆಂಟರೆಲ್ಲ ಹೋದ ಮೇಲೆ ಶುಭಾಂಗಿ ಆ ವಿಡಿಯೋ ಹಚ್ಚಿದಳು. ಮೂವರೂ ತಲೆ ಕೂಡಿಸಿ ಕೂತರು. ತೆರೆಯ ಮೇಲೆ ಖಂಡಪ್ಪ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ, ಅವನ ತುಟಿ ಆಡುತ್ತಿತ್ತು. ಕೇಳಿಸುತ್ತಿದ್ದದ್ದು ಇಂದ್ರಾಬಾಯಿ. "ರೀ, ಇತ್ತ ನೋಡ್ರಿ! ಈ ಕಡೆ! ಜೋರ ಹಾಡ್ರಿ, ಏನೂ ಕೇಳವಲ್ಲದು! ವಸಂತಿಯಕ್ಕಾ, ಸರೀರಿ, ಸರೀರಿ ಅಂತೀನಿ, ಇವರು ಕಾಣವಲ್ಲರು!"

ಶುಭಾಂಗಿ ಅಪ್ಪನ ಮುಖ ನೋಡಿದಳು. "ಗಾನಾ ಕೇಳಸೂದs ಇಲ್ಲ, ಅಪ್ಪಾ. ಖಾಲಿ ಅವ್ವನ ಆವಾಜ್."

"ಇರ್ಲಿ ಬಿಡವಾ" ಎಂದ ಖಂಡಪ್ಪ, ಟವೆಲು ಹೊದ್ದ ಪೆಟ್ಟಿಗೆಯ ಕಡೆ ನೋಡುತ್ತ. "ಕೂಸು ದೊಡ್ಡದಾಗಿ ಕಂಪ್ಯೂಟರ್ ತಗೋತೈತಿ."